ಚಾರ್ಮತ್ ಬೀಚಿನಲ್ಲಿ ಫಾಸಿಲ್ ಹುಡುಕುವುದು: ಮೊದಲು ಗುಡ್ಡ, ಆಮೇಲೆ ಕಲ್ಲು

ನಾನಿರುವುದು ಇಂಗ್ಲೆಂಡಿನ ದಕ್ಷಿಣದಲ್ಲಿ. ಹೊಟ್ಟೆಪಾಡಿಗೆ ಐಟಿ, ರಜೆ ಬಂದರೆ ಕಲ್ಲು, ಅದರಲ್ಲೂ ಫಾಸಿಲ್ (ಪಳೆಯುಳಿಕೆ). ಡಾರ್ಸೆಟ್ ಕರಾವಳಿಯ ಚಾರ್ಮತ್ ಬೀಚಿಗೆ ಹೋಗುವುದು ಈಗ ಅಭ್ಯಾಸವೇ ಆಗಿಹೋಗಿದೆ. ಜೊತೆಗೆ ಬಂದವರೆಲ್ಲ ಕೇಳುವುದು ಒಂದೇ ಪ್ರಶ್ನೆ: "ಇದು ಫಾಸಿಲ್ ಹೌದಾ, ಸುಮ್ನೆ ಕಲ್ಲಾ?" ಹೆಚ್ಚಿನವರು ಕಲ್ಲಿನ ಆಕಾರ ನೋಡಿ ತೀರ್ಮಾನಕ್ಕೆ ಬರುತ್ತಾರೆ. ನಾನು ಆಕಾರವನ್ನು ಕೊನೆಗೆ ನೋಡುತ್ತೇನೆ. ಮೊದಲು ನೋಡುವುದು ಹಿಂದಿರುವ ಗುಡ್ಡವನ್ನು.

ಯಾಕೆ ಅಂದರೆ, ಬೀಚಿನ ಕಲ್ಲು ಎಲ್ಲಿಂದಲೋ ಬಂದದ್ದು. ಎಲ್ಲಿಂದ ಅಂತ ಗೊತ್ತಾದರೆ ಅದರಲ್ಲಿ ಏನು ಸಿಗಬಹುದು, ಏನು ಸಿಗಲಾರದು ಅನ್ನುವುದು ಅರ್ಧ ತಿಳಿದ ಹಾಗೆ. ಚಾರ್ಮತ್‌ನಲ್ಲಿ ಸಮುದ್ರಕ್ಕೆ ಮುಖ ಮಾಡಿ ನಿಂತರೆ ಬಲಕ್ಕೆ ಬ್ಲ್ಯಾಕ್ ವೆನ್, ಎಡಕ್ಕೆ ಸ್ಟೋನ್‌ಬ್ಯಾರೊ. ಎರಡರ ಬುಡದಲ್ಲೂ ಇರುವುದು ಸುಮಾರು 19 ಕೋಟಿ ವರ್ಷ ಹಳೆಯ ಕಪ್ಪು ಜೇಡಿಕಲ್ಲು. ಆಗ ಇದು ಬೆಚ್ಚಗಿನ ಸಮುದ್ರದ ತಳ. ಹಾಗಾಗಿ ಇಲ್ಲಿ ಅಮೋನೈಟ್ (ಸುರುಳಿ ಚಿಪ್ಪಿನ ಹಳೆಯ ಸಮುದ್ರಜೀವಿ), ಬೆಲೆಮ್ನೈಟ್, ಚಿಪ್ಪು, ಮೀನು, ಇಕ್ತಿಯೋಸಾರ್ (ಮೀನಿನಾಕಾರದ ಸಮುದ್ರ ಸರೀಸೃಪ) ಮೂಳೆ ಸಿಗುತ್ತವೆ. ಯಾರಾದರೂ "ಮ್ಯಾಮತ್ ಹಲ್ಲು ಸಿಕ್ತು" ಅಂದರೆ ನಾನು ಎರಡು ಸಲ ಯೋಚಿಸುತ್ತೇನೆ. ಗುಡ್ಡದ ಮೇಲ್ಭಾಗದಲ್ಲಿ ಇನ್ನೂ ಈಚಿನ ಕಾಲದ ಪದರವಿದೆ. ಅಲ್ಲಿಂದ ಉರುಳಿದ ಬೆಣಚು, ಚಕಮಕಿ ಕಲ್ಲುಗಳೂ ಬೀಚಿನಲ್ಲಿ ಬೆರೆತಿರುತ್ತವೆ. ಈ ಕರಾವಳಿಗೆ 2001ರಲ್ಲಿ ಯುನೆಸ್ಕೋ ವಿಶ್ವ ಪರಂಪರೆಯ ಪಟ್ಟಿಯಲ್ಲಿ ಜಾಗ ಸಿಕ್ಕಿತು. ಆದರೂ ಬಿದ್ದಿರುವ ಸಣ್ಣಪುಟ್ಟ ಫಾಸಿಲ್ ಎತ್ತಿಕೊಳ್ಳಲು ಅಡ್ಡಿಯಿಲ್ಲ, ಗುಡ್ಡವನ್ನು ಮಾತ್ರ ಅಗೆಯುವಂತಿಲ್ಲ. ಎತ್ತಿಕೊಳ್ಳದೆ ಬಿಟ್ಟರೆ ಮುಂದಿನ ಚಳಿಗಾಲದ ಅಲೆಗಳು ಅದನ್ನು ಪುಡಿ ಮಾಡುತ್ತವೆ.

ನಾನು ಹೋಗುವುದು ಸಮುದ್ರ ಇಳಿಯುತ್ತಿರುವಾಗ. ಇಳಿತದ ಹೊತ್ತು ಮೊದಲೇ ನೋಡಿಕೊಂಡು, ನೀರು ಹಿಂದೆ ಸರಿದಂತೆ ನಾನೂ ಅದರ ಜೊತೆ ಸರಿಯುತ್ತೇನೆ. ಗುಡ್ಡದ ಬುಡಕ್ಕೆ ಹೋಗುವುದಿಲ್ಲ. ಇಲ್ಲಿನ ಕೆಸರು ಹೇಳದೆ ಕೇಳದೆ ಜಾರುತ್ತದೆ. ಪಕ್ಕದ ಲೈಮ್ ರೀಜಿಸ್‌ನ ಮೇರಿ ಆ್ಯನಿಂಗ್ ಹುಟ್ಟಿದ್ದು 1799ರಲ್ಲಿ, ಜೀವನವಿಡೀ ಇದೇ ತೀರದಲ್ಲಿ ಫಾಸಿಲ್ ಹುಡುಕಿ ಮಾರಿದವಳು. ಅವಳ ನಾಯಿ ಟ್ರೇ 1833ರಲ್ಲಿ ಗುಡ್ಡ ಕುಸಿದು ಸತ್ತುಹೋಯಿತು, ಅವಳು ಸ್ವಲ್ಪದರಲ್ಲಿ ಉಳಿದಳು. ಅಷ್ಟು ಗೊತ್ತಿದ್ದವಳ ಕಥೆಯೇ ಹಾಗಾದರೆ ನಮ್ಮದು ಬಿಡಿ.

ಎಲ್ಲಿ ಹುಡುಕಬೇಕು ಅನ್ನುವುದಕ್ಕೆ ತೂಕವೇ ದಾರಿ ತೋರಿಸುತ್ತದೆ. ಇಲ್ಲಿನ ಸಣ್ಣ ಅಮೋನೈಟ್‌ಗಳು ಬಹಳಷ್ಟು ಪೈರೈಟ್ (ಕಬ್ಬಿಣ, ಗಂಧಕ ಸೇರಿದ ಖನಿಜ) ಆಗಿ ಮಾರ್ಪಟ್ಟಿವೆ. ಪೈರೈಟ್ ನೀರಿಗಿಂತ ಸುಮಾರು ಐದು ಪಟ್ಟು ಭಾರ, ಮಾಮೂಲಿ ಕಲ್ಲು ಎರಡೂವರೆ ಪಟ್ಟಿನ ಆಸುಪಾಸು. ಅಲೆ ಹಗುರಾದದ್ದನ್ನು ಎಳೆದೊಯ್ದು ಭಾರದ್ದನ್ನು ಒಂದೇ ಕಡೆ ಬಿಟ್ಟುಹೋಗುತ್ತದೆ. ಮರಳಿನ ನಡುವೆ ಕಂದು-ಹೊನ್ನಿನ ಬಣ್ಣದ ಪುಟ್ಟ ಕಲ್ಲುಗಳ ಪಟ್ಟಿ ಕಂಡರೆ ನಾನು ಅಲ್ಲೇ ಮಂಡಿಯೂರುತ್ತೇನೆ. ಹತ್ತು ಮೀಟರ್ ದೂರ ಓಡಾಡುವುದಕ್ಕಿಂತ ಒಂದು ಚದರಡಿಯನ್ನು ದಿಟ್ಟಿಸುವುದು ಒಳ್ಳೆಯದು. ಆ ಪಟ್ಟಿಯಲ್ಲಿ ಹೆಚ್ಚಿನವು ಉಂಡೆ ಉಂಡೆ ಪೈರೈಟ್, ಅಷ್ಟೆ. ನಡುವೆ ಕಿರುಬೆರಳಿನ ಉಗುರಿನಷ್ಟು ಅಮೋನೈಟ್ ಇರುತ್ತದೆ.

ಅಮೋನೈಟ್ ಗುರುತಿಸುವುದು ಸುಲಭ ಅಂತ ಎಲ್ಲರೂ ಅಂದುಕೊಳ್ಳುತ್ತಾರೆ. ಪೂರ್ತಿ ಸುರುಳಿ ಸಿಕ್ಕರೆ ಹೌದು. ಸಿಗುವುದು ಜಾಸ್ತಿ ತುಂಡುಗಳೇ. ಒಂದಿಂಚಿನ ಬಾಗಿದ ತುಂಡೊಂದು ನನ್ನ ಮೇಜಿನ ಮೇಲಿದೆ. ಬರಿಗಣ್ಣಿಗೆ ಅದು ತುಕ್ಕು ಹಿಡಿದ ಕಬ್ಬಿಣದ ಚೂರು. ಹತ್ತು ಪಟ್ಟಿನ ಲೆನ್ಸ್ ಹಿಡಿದರೆ ಅದರ ಬೆನ್ನ ಮೇಲೆ ಹೆಚ್ಚುಕಮ್ಮಿ ಸಮ ಅಂತರದಲ್ಲಿ ಏಣುಗಳು ಕಾಣುತ್ತವೆ. ಏಣುಗಳ ನಡುವಿನ ಜಾಗ ಒಂದು ತುದಿಯಿಂದ ಇನ್ನೊಂದು ತುದಿಗೆ ಸ್ವಲ್ಪ ಸ್ವಲ್ಪವೇ ಅಗಲವಾಗುತ್ತ ಹೋಗುತ್ತದೆ. ಪ್ರಾಣಿ ಬೆಳೆದಂತೆ ಚಿಪ್ಪೂ ಬೆಳೆದಿದೆ. ಪಕ್ಕದಲ್ಲಿ ಮೇಲ್ಪದರ ಎದ್ದುಹೋದ ಕಡೆ ಎಲೆಯಂಚಿನ ಹಾಗೆ ಕವಲೊಡೆದ ಸಣ್ಣ ಗೆರೆಗಳಿವೆ. ಒಳಗಿನ ಕೋಣೆಗಳ ಗೋಡೆ ಚಿಪ್ಪಿಗೆ ಕೂಡಿದ ಜಾಗ ಅದು. ಆ ಗೆರೆ ಕಂಡ ಮೇಲೆ ಅನುಮಾನ ಉಳಿಯುವುದಿಲ್ಲ. ಸುಮ್ಮನೆ ಬಿರುಕುಬಿಟ್ಟ ಕಲ್ಲಿನಲ್ಲಿ ಗೆರೆಗಳು ಎತ್ತೆತ್ತಲೋ ಓಡುತ್ತವೆ. ಜೀವ ಇದ್ದದ್ದರಲ್ಲಿ ಒಂದು ಲೆಕ್ಕ ಇರುತ್ತದೆ. ನಾನು ಹುಡುಕುವುದು ಆ ಲೆಕ್ಕವನ್ನು.

ಈ ಸುರುಳಿ ನಮ್ಮವರಿಗೆ ಹೊಸದಲ್ಲ, ಅಲ್ವಾ? ದೇವರ ಪೆಟ್ಟಿಗೆಯಲ್ಲಿರುವ ಸಾಲಿಗ್ರಾಮದ ಚಕ್ರವೂ ಅಮೋನೈಟೇ. ನೇಪಾಳದ ಗಂಡಕಿ ನದಿ ಅದನ್ನು ಹಿಮಾಲಯದ ಕಪ್ಪು ಕಲ್ಲಿನಿಂದ ಬಿಡಿಸಿ ತರುತ್ತದೆ. ಇಲ್ಲಿಗೆ ಬಂದಿದ್ದ ಅಮ್ಮ ನನ್ನ ಡಬ್ಬಿ ತೆರೆದು ನೋಡಿ, "ಇದನ್ನ ಹೀಗೆ ಬೂಟಿನ ಪಕ್ಕ ಇಡ್ತಾರೇನೋ?" ಅಂತ ಗದರಿದರು. ಡಬ್ಬಿ ಆಮೇಲೆ ಮೇಲಿನ ಕಪಾಟಿಗೆ ಹೋಯಿತು.

ಬೆಲೆಮ್ನೈಟ್‌ಗೆ ಜಾಸ್ತಿ ತಲೆ ಕೆಡಿಸಿಕೊಳ್ಳಬೇಕಿಲ್ಲ. ನುಣುಪಾದ ಉದ್ದ ಕಡ್ಡಿ, ಒಂದು ತುದಿ ಚೂಪು. ಮುರಿದ ಮುಖದಲ್ಲಿ ನಡುಬಿಂದುವಿನಿಂದ ಹೊರಕ್ಕೆ ಹರಡಿದ ಸಣ್ಣ ಗೆರೆಗಳಿದ್ದರೆ ಅದೇ. ಸ್ಕ್ವಿಡ್‌ನ ದೂರದ ನೆಂಟನ ದೇಹದೊಳಗಿನ ಗಟ್ಟಿ ಭಾಗ ಅದು.

ಮೋಸ ಹೋಗುವುದು ಮೂಳೆಯ ವಿಷಯದಲ್ಲಿ. ಕಪ್ಪಗಿರುವುದೆಲ್ಲ ಮೂಳೆಯಲ್ಲ. ಇಲ್ಲಿನ ಗುಡ್ಡದಲ್ಲಿ ನಾರುನಾರಾದ ಕ್ಯಾಲ್ಸೈಟ್ (ಸುಣ್ಣದ ಖನಿಜ) ಪದರಗಳಿವೆ. ಇಂಗ್ಲಿಷಿನವರು ಅದಕ್ಕೆ 'ಬೀಫ್' ಅನ್ನುತ್ತಾರೆ. ಹೊಸಬರು ಇದನ್ನು ಮೂಳೆ ಅಥವಾ ಮರ ಅಂತ ಜೇಬಿಗೆ ಹಾಕಿಕೊಳ್ಳುತ್ತಾರೆ. ಬೀಫ್‌ನಲ್ಲಿ ನಾರುಗಳೆಲ್ಲ ಒಂದೇ ದಿಕ್ಕಿಗೆ, ಪದರಕ್ಕೆ ನೆಟ್ಟಗೆ ನಿಂತಿರುತ್ತವೆ. ಮೇಲೆ ಕೆಳಗೆ ಎರಡೂ ಕಡೆ ಚಪ್ಪಟೆ. ಒಳಗೆ ತೂತುಗಳಿಲ್ಲ. ನಿಜವಾದ ಮೂಳೆಗೆ ಹೊರಗೆ ತೆಳುವಾದ ನುಣುಪು ಸಿಪ್ಪೆ ಇರುತ್ತದೆ, ಮುರಿದ ಕಡೆ ಒಳಗೆ ಸಣ್ಣ ತೂತುಗಳ ಜಾಲ. ಕುಲುಮೆಯ ಕಿಟ್ಟದಲ್ಲೂ ತೂತುಗಳಿರುತ್ತವೆ, ಆದರೆ ಅವು ಗುಳ್ಳೆಗಳು. ಒಂದು ದೊಡ್ಡದು, ಒಂದು ಚಿಕ್ಕದು, ಗೋಡೆ ಗಾಜಿನ ಹಾಗೆ ಹೊಳೆಯುತ್ತದೆ. ಇಕ್ತಿಯೋಸಾರ್ ಬೆನ್ನುಮೂಳೆ ಸಿಕ್ಕರೆ ಮಾತ್ರ ಗೊಂದಲವಿಲ್ಲ: ದುಂಡನೆಯ ಬಿಲ್ಲೆ, ಎರಡೂ ಮುಖ ಒಳಕ್ಕೆ ತಗ್ಗು.

ಹಿಕ್ಕೆಯ ಫಾಸಿಲ್ ಬಗ್ಗೆ ಮಕ್ಕಳಿಗೆ ಬಲು ಕುತೂಹಲ. ಅದಕ್ಕೆ ಕಾಪ್ರೊಲೈಟ್ ಅನ್ನುವ ಹೆಸರು ಕೊಟ್ಟದ್ದು ಭೂವಿಜ್ಞಾನಿ ವಿಲಿಯಂ ಬಕ್‌ಲ್ಯಾಂಡ್, 1829ರಲ್ಲಿ. ಅದಕ್ಕೂ ಮೊದಲೇ ಮೇರಿ ಆ್ಯನಿಂಗ್ ಇಂಥ ಕಲ್ಲುಗಳು ಇಕ್ತಿಯೋಸಾರ್‌ನ ಹೊಟ್ಟೆಯ ಜಾಗದಲ್ಲೇ ಸಿಗುವುದನ್ನು, ಒಡೆದರೆ ಒಳಗೆ ಮೀನಿನ ಮೂಳೆ, ಹುರುಪೆ ಇರುವುದನ್ನು ಗಮನಿಸಿದ್ದಳು. ಈಗಲೂ ಪರೀಕ್ಷೆ ಅದೇ. ಉದ್ದುದ್ದ ಉಂಡೆ ಕಂಡ ಮಾತ್ರಕ್ಕೆ ಹಿಕ್ಕೆ ಅನ್ನಬೇಡಿ, ಒಳಗೆ ಹುರುಪೆ ಹುಡುಕಿ.

ನನ್ನ ಚೀಲದಲ್ಲಿ ಲೆನ್ಸ್ ಜೊತೆ ಫ್ರಿಜ್ಜಿಗೆ ಅಂಟಿಸುವ ಒಂದು ಅಯಸ್ಕಾಂತ ಇರುತ್ತದೆ. ನೋಡಿದವರು ನಗುತ್ತಾರೆ. ಲೈಮ್ ರೀಜಿಸ್ ಕಡೆಯ ಗುಡ್ಡದ ಮೇಲೆ ಊರಿನ ಹಳೆಯ ಕಸದ ತಿಪ್ಪೆ ಇತ್ತು. 2008ರಲ್ಲಿ ಗುಡ್ಡ ದೊಡ್ಡದಾಗಿ ಕುಸಿದಾಗ ಅದೂ ಬೀಚಿಗೆ ಇಳಿಯಿತು. ಮೊಳೆ, ತಿರುಪು, ಗಾಜು, ಪಿಂಗಾಣಿ ಎಲ್ಲ ಸಮುದ್ರದಲ್ಲಿ ಸವೆದು ಫಾಸಿಲ್ ವೇಷ ಹಾಕಿಕೊಂಡಿವೆ. ತಿರುಪಿನ ಸುತ್ತುಗಳೂ ಸಮ ಅಂತರದಲ್ಲೇ ಇರುತ್ತವಲ್ಲ! ಪೈರೈಟ್ ಅಯಸ್ಕಾಂತಕ್ಕೆ ಅಂಟುವುದಿಲ್ಲ, ಕಬ್ಬಿಣ ಅಂಟುತ್ತದೆ. ಒಂದು ಸೆಕೆಂಡಿನ ಕೆಲಸ.

ಇಷ್ಟಾದರೂ ಗೊತ್ತಾಗದವು ಇರುತ್ತವೆ. ಅವನ್ನು ಬೀಚಿನ ಪಕ್ಕದಲ್ಲೇ ಇರುವ ಚಾರ್ಮತ್ ಹೆರಿಟೇಜ್ ಕೋಸ್ಟ್ ಸೆಂಟರಿಗೆ ಒಯ್ಯುತ್ತೇನೆ. ಅಲ್ಲಿನ ವಾರ್ಡನ್‌ಗಳು ದಿನವಿಡೀ ಇದನ್ನೇ ನೋಡುವವರು, ಕೈಗೆ ತೆಗೆದುಕೊಂಡ ಕೂಡಲೇ ಹೇಳಿಬಿಡುತ್ತಾರೆ. ಅಪರೂಪದ್ದು ಸಿಕ್ಕರೆ ಅಲ್ಲಿ ದಾಖಲೆ ಮಾಡಿಸಬೇಕು, ಅದು ಇಲ್ಲಿನ ಪದ್ಧತಿ. ಮನೆಗೆ ತಂದ ಪೈರೈಟ್ ಅಮೋನೈಟನ್ನು ಸಿಹಿನೀರಿನಲ್ಲಿ ನೆನೆಸಿ, ಉಪ್ಪು ಬಿಡಿಸಿ, ಚೆನ್ನಾಗಿ ಒಣಗಿಸಿ, ಸಿಲಿಕಾ ಜೆಲ್ ಪೊಟ್ಟಣದ ಜೊತೆ ಮುಚ್ಚಿದ ಡಬ್ಬಿಯಲ್ಲಿಡುತ್ತೇನೆ. ತೇವ ತಗುಲಿದರೆ ಅದು ಬಿಳಿ ಪುಡಿಯಾಗಿ ಉದುರಿಹೋಗುತ್ತದೆ.

ಇನ್ನು ಊರಿನ ಕಡೆಯ ಪ್ರಶ್ನೆ. ಕುಮಟೆಯ ಮಾವ ಆಗಾಗ ವಾಟ್ಸಾಪಿನಲ್ಲಿ ಫೋಟೋ ಕಳಿಸುತ್ತಾರೆ. "ನೋಡು ಮಾರಾಯಾ, ಹುಳದ ಬಿಲ ಹಾಗೇ ಕಲ್ಲಾಗಿದೆ." ಅದು ಮುರಕಲ್ಲು. ಕೆಂಪು ಮುರಕಲ್ಲಿನಲ್ಲಿ ಕೊಳವೆಯಂಥ ತೂತುಗಳು ಮಳೆ-ಬಿಸಿಲಿಗೆ ಕಲ್ಲು ಕೊಳೆಯುವಾಗ ತಾವಾಗಿ ಆಗುತ್ತವೆ, ಹುಳ ಬೇಕಿಲ್ಲ. ನಮ್ಮ ಕರಾವಳಿಯ ಗುಡ್ಡಗಳು ಹೆಚ್ಚಾಗಿ ಮುರಕಲ್ಲು ಮತ್ತು ಅದರ ಕೆಳಗಿನ ತೀರಾ ಹಳೆಯ ನೈಸ್ (gneiss) ಅನ್ನುವ ಕಲ್ಲು. ಆ ನೈಸ್ ಆದಾಗ ಭೂಮಿಯ ಮೇಲೆ ಚಿಪ್ಪು, ಮೂಳೆಯ ಪ್ರಾಣಿಗಳೇ ಇರಲಿಲ್ಲ. ಮಲ್ಪೆ ಎದುರಿನ ಸೇಂಟ್ ಮೇರೀಸ್ ದ್ವೀಪದ ಕಂಬಗಳಂತೂ ಲಾವಾ. ಹಾಗಾಗಿ ಅಲ್ಲಿ ಸಿಗುವ ಚಿಪ್ಪು ಬಹುತೇಕ ಇಂದಿನದೇ, ಅಮೋನೈಟ್ ಸಿಗುವ ಆಸೆ ಬೇಡ. ಇದನ್ನು ಹೇಳಿದರೆ ಮಾವನಿಗೆ ಬೇಜಾರು. ಮರುವಾರ ಮತ್ತೊಂದು ಫೋಟೋ ಬರುತ್ತದೆ.

ಅದಕ್ಕೇ ಈಗ ಅವರಿಗೂ, ಉಳಿದವರಿಗೂ ಒಂದೇ ಷರತ್ತು ಹಾಕಿದ್ದೇನೆ. ಪಕ್ಕದಲ್ಲಿ ನಾಣ್ಯ ಇಟ್ಟು ಬಿಸಿಲಿನಲ್ಲಿ ಮೂರು ಫೋಟೋ ತೆಗೆಯಿರಿ: ಮೇಲಿನಿಂದ, ಪಕ್ಕದಿಂದ, ಮುರಿದ ಮುಖದ್ದು. ಒದ್ದೆ ಕಲ್ಲಿನ ಫೋಟೋ ಬೇಡ, ಹೊಳಪಿನಲ್ಲಿ ಏನೂ ಕಾಣುವುದಿಲ್ಲ. ತೂಕ ಹೇಗಿದೆ ಬರೆಯಿರಿ. ಎಲ್ಲಕ್ಕಿಂತ ಮೊದಲು ಯಾವ ಬೀಚು, ಹಿಂದೆ ಯಾವ ಥರದ ಗುಡ್ಡ ಅಂತ ತಿಳಿಸಿ. ಊರ ಹೆಸರಿಲ್ಲದ ಫೋಟೋಗೆ ನಾನು ಉತ್ತರ ಕೊಡುವುದಿಲ್ಲ, ಮಾವನಿಗೂ ಸೇರಿ.