ಸೆಣಬು ಮುರಿದು ಮೆಕ್ಕೆಜೋಳ ಹಾಕಿದೆ, ಯೂರಿಯಾ ಒಂದು ಚೀಲ ಉಳಿಯಿತು

ನಮ್ಮದು ದಾವಣಗೆರೆ ಕಡೆಯ ಎರೆಹೊಲ, ಮಳೆ ನಂಬಿದ ಬೇಸಾಯ. ವರ್ಷ ವರ್ಷ ಮೆಕ್ಕೆಜೋಳಾನೇ ಹಾಕಿ ಹಾಕಿ ಯೂರಿಯಾ ಎಕರೆಗೆ ಮೂರು ಚೀಲಕ್ಕೆ ಬಂದಿತ್ತು. ಇಳುವರಿ ಮಾತ್ರ ಇದ್ದಲ್ಲೇ ಇತ್ತು. ಮಳೆಯಾಶ್ರಿತ ಬೆಳೆಗೆ ಶಿಫಾರಸು ಹೆಕ್ಟೇರಿಗೆ 100 ಕಿಲೋ ಸಾರಜನಕ, ಎಕರೆಗೆ 40 ಕಿಲೋ ಆಯ್ತು. ಯೂರಿಯಾದಲ್ಲಿ ಸಾರಜನಕ ನೂರಕ್ಕೆ 46, ಅಂದ್ರೆ 45 ಕಿಲೋ ಚೀಲದಲ್ಲಿ 20 ಕಿಲೋ ಚಿಲ್ಲರೆ. ಬಿತ್ತುವಾಗ ಹಾಕೋ ಒಂದು ಚೀಲ ಡಿಎಪಿ ಗೊಬ್ಬರದಲ್ಲೇ 9 ಕಿಲೋ ಬರುತ್ತದೆ. ಹಂಗಾದ್ರೆ ಮೂರು ಚೀಲ ಯಾಕೆ?

ಮೊದಲ ವರ್ಷ ಏಪ್ರಿಲ್ ಮಳೆಗೆ ಹಳದಿ ಹೂ ಬಿಡೋ ಸೆಣಬನ್ನು, ಎಳೆಯದಿರುವಾಗಲೇ ಮಣ್ಣಿಗೆ ಮುರಿದು ಹಸಿರೆಲೆ ಗೊಬ್ಬರ ಮಾಡೋಕೆ ಅಂತ, ಎಕರೆಗೆ 20 ಕಿಲೋದಂತೆ ಚೆಲ್ಲಿದೆ. ಚೆನ್ನಾಗಿಯೇ ಬಂತು. ಆದ್ರೆ ಮೇ ಕೊನೆಗೆ ಮಳೆ ಕೈಕೊಟ್ಟು, ಒಣಗಿದ ಎರೆಯಲ್ಲಿ ರೋಟವೇಟರ್ ಇಳಿಸಿ ಅದನ್ನು ಮಣ್ಣಿಗೆ ಮುರಿಸೋಕೆ ಆಗಲಿಲ್ಲ. ಹದ ಸಿಗೋ ಹೊತ್ತಿಗೆ 70 ದಿನ ಆಗಿ ಕಾಯಿ ಕಟ್ಟಿತ್ತು, ದಂಟು ಕಟ್ಟಿಗೆಯಾಗಿತ್ತು. ಮುರಿಸಿದ ಮೂರನೇ ದಿನಕ್ಕೇ ಮೆಕ್ಕೆಜೋಳ ಬಿತ್ತಿದೆ. 25 ದಿನಕ್ಕೆ ಕೆಳಗಿನ ಎಲೆಗಳು ತುದಿಯಿಂದ ನಡುನರದ ಗುಂಟ ಹಳದಿಯಾಗಿ ಒಳಗೆ ಇಳಿಯತೊಡಗಿದವು. ಪಕ್ಕದ ಹೊಲದವರು ಬದುವಿನ ಮೇಲೆ ನಿಂತು, "ಏನಪ್ಪಾ, ಗೊಬ್ಬರ ಹಾಕಿಲ್ವಾ?" ಅಂದರು. ಬಲಿತ ದಂಟು ಕೊಳೆಯೋಕೆ ಮಣ್ಣಿನ ಸೂಕ್ಷ್ಮಜೀವಿಗಳಿಗೇ ಸಾರಜನಕ ಬೇಕು, ಅವು ಮೊದಲು ತಗೊಂಡು ಬೆಳೆಯನ್ನು ಹಸಿದಿಡುತ್ತವೆ ಅಂತ ಆಮೇಲೆ ತಿಳಿಯಿತು. ಆ ವರ್ಷ ಯೂರಿಯಾ ಕಡಿಮೆಯಾಗೋದು ಇರಲಿ, ಜಾಸ್ತಿಯೇ ಆಯ್ತು.

ಮರುವರ್ಷ ದಿನ ಎಣಿಸಿಕೊಂಡೇ ಮಾಡಿದೆ. 40ನೇ ದಿನಕ್ಕೆ ನಾಲ್ಕೈದು ಗಿಡ ಮಣ್ಣು ಸಮೇತ ಎತ್ತಿ, ಬೇರಿನ ಗಂಟುಗಳನ್ನು ಉಗುರಿನಿಂದ ಸೀಳಿ ನೋಡಿದೆ. ಒಳಗೆ ಗುಲಾಬಿ ಬಣ್ಣ ಇತ್ತು. ಹಂಗಿದ್ದರೆ ಗಂಟು ಗಾಳಿಯ ಸಾರಜನಕ ಹಿಡಿಯೋ ಕೆಲಸ ಮಾಡ್ತಿದೆ ಅಂತ ಲೆಕ್ಕ, ಬೂದು ಬಣ್ಣ ಇದ್ದರೆ ಇಲ್ಲ. ಮೊದಲ ಹೂ ಕಂಡ ಕೂಡಲೇ, 46ನೇ ದಿನಕ್ಕೆ, ಮುರಿಸಿದೆ. ದಂಟು ಕೈಯಲ್ಲೇ ಪಟಕ್ಕನೆ ಮುರಿಯುತ್ತಿತ್ತು. ಹನ್ನೆರಡು ದಿನ ಕೊಳೆಯೋಕೆ ಬಿಟ್ಟು ಬಿತ್ತಿದೆ.

ಒಂದು ಎಕರೆಯನ್ನು ಹತ್ತು ಹತ್ತು ಗುಂಟೆಯ ನಾಲ್ಕು ಪಟ್ಟಿ ಮಾಡಿಕೊಂಡಿದ್ದೆ. ಡಿಎಪಿ ಎಲ್ಲಕ್ಕೂ ಒಂದೇ. ಕೊಯ್ದು ತೂಕ ಹಾಕಿಸಿದಾಗ ಎಕರೆ ಲೆಕ್ಕದಲ್ಲಿ, ಸೆಣಬಿಲ್ಲದೆ ಎರಡು ಚೀಲ ಯೂರಿಯಾ ಹಾಕಿದ ಕಡೆ 22 ಕ್ವಿಂಟಾಲ್ ಬಂತು. ಸೆಣಬಿಲ್ಲದೆ ಒಂದೇ ಚೀಲ ಹಾಕಿದ ಕಡೆ 17ಕ್ಕೆ ಇಳಿಯಿತು, ತೆನೆ ತುದಿಯವರೆಗೆ ಕಾಳೇ ಕಟ್ಟಿರಲಿಲ್ಲ. ಸೆಣಬು ಮುರಿದು ಎರಡು ಚೀಲ ಹಾಕಿದ ಕಡೆ 25, ಒಂದು ಚೀಲ ಹಾಕಿದ ಕಡೆ 24 ಚಿಲ್ಲರೆ. ಕೊನೆಯ ಎರಡರ ವ್ಯತ್ಯಾಸ ನೋಡಿ, ಅರ್ಧ ಕ್ವಿಂಟಾಲ್ ಚಿಲ್ಲರೆಗೆ ಇನ್ನೊಂದು ಚೀಲ ಬೇಕಾ?

ಒಂದೇ ಚೀಲ ಹಾಕಿದ ಪಟ್ಟಿಗಳಲ್ಲಿ ನಾನು ಬಿಟ್ಟಿದ್ದು ಸೂಲಂಗಿ (ಗಿಡದ ತುದಿಯ ಗಂಡು ಹೂ) ಬರೋ ಮುಂಚಿನ ಎರಡನೇ ಮೇಲುಗೊಬ್ಬರ. 25 ದಿನದ ಮೊದಲ ಕಂತನ್ನು ಬಿಡಲಿಲ್ಲ, ಎಳೆ ಪೈರಿಗೆ ಆಗ ಕೈಗೆ ಸಿಗೋ ಹಾಗೆ ಸಾರಜನಕ ಬೇಕೇ ಬೇಕು. ಸೆಣಬು ನಿಧಾನವಾಗಿ ಬಿಟ್ಟುಕೊಡುತ್ತದೆ, ತೆನೆ ಕಟ್ಟೋ ಹೊತ್ತಿಗೆ ಕೈ ಹಿಡಿಯುತ್ತದೆ.

ಏಪ್ರಿಲ್ ಮಳೆ ಸರಿಯಾಗಿ ಆಗದ ವರ್ಷ ಮಾತ್ರ ಹಾಕಬೇಡಿ, ಮೆಕ್ಕೆಜೋಳಕ್ಕೆ ಬೇಕಾದ ಹಸಿಯನ್ನೇ ಅದು ಕುಡಿದುಬಿಡುತ್ತದೆ. ಹಾಕಿದ ಮೇಲೆ ಮಳೆ ಎಳೆದಾಡಿದರೆ ಪೂರ್ತಿ ಹದಕ್ಕೆ ಕಾಯಬೇಡಿ. ಹೂ ಬರೋ ಮುಂಚೆಯೇ ಕುಡುಗೋಲಿನಿಂದ ಕೊಯ್ದು ಹೊಲದಲ್ಲೇ ಹಾಸಿಬಿಡಿ. ಹೋದ ವರ್ಷ ನಾನು ಹಂಗೇ ಮಾಡಿದೆ, ಹತ್ತು ದಿನ ಬಿಟ್ಟು ಮಳೆ ಬಂದಾಗ ಆ ಹಾಸಿನ ಕೆಳಗೆ ಮಣ್ಣು ಇನ್ನೂ ತಣ್ಣಗಿತ್ತು.