ತೋಟದ ನೀರಿಗೆ ಬಿದ್ದ ಕೀ, ಶಿವಮೊಗ್ಗದಲ್ಲಿ ಸಿಕ್ಕ ಜೋಡಿ

ಆಷಾಢದ ಮಳೆ ಎರಡು ದಿನ ಹೊಳವಾಗಿತ್ತು. ಅಡಿಕೆಯ ಕೊಳೆ ರೋಗಕ್ಕೆ ಔಷಧಿ ಹೊಡೆಸಲು ಅದೇ ಸಮಯ. ಮೈಲುತುತ್ತ, ಸುಣ್ಣ ಕದಡಿ ಡ್ರಮ್ಮಿಗೆ ಸುರಿದೆವು. ಪೈಪ್ ಎಳೆಯಲು ಬಗ್ಗಿದಾಗಲೋ ಏನೋ, ಅಂಗಿ ಜೇಬಿನಲ್ಲಿದ್ದ ಕಾರಿನ ಕೀ ಜಾರಿ ಬಿದ್ದಿದೆ. ಗೊತ್ತಾಗಿದ್ದು ಸಂಜೆ ಮನೆಗೆ ಬಂದ ಮೇಲೆ.

ಮನೆಯಲ್ಲಿ ಇನ್ನೊಂದು ಕೀ ಇರಲಿಲ್ಲ. ಸೆಕೆಂಡ್ ಹ್ಯಾಂಡ್ ಕಾರು, ತಗೊಂಡಾಗ ಸಿಕ್ಕಿದ್ದೇ ಒಂದು. ನಮ್ಮ ಊರು ತೀರ್ಥಹಳ್ಳಿಯಿಂದ ಒಳಗೆ. ರಾತ್ರಿ ಯಾರಿಗಾದರೂ ಹುಷಾರು ತಪ್ಪಿದರೆ ಆ ಕಾರೇ ಗತಿ. ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ.

ಬೆಳಿಗ್ಗೆ ಶೋರೂಮಿಗೆ ಫೋನ್ ಮಾಡಿದೆ. ಒಂದೂ ಕೀ ಇಲ್ಲದಿದ್ದರೆ ಕಾರನ್ನು ಎಳೆಸಿಕೊಂಡು ಬರಬೇಕು, ಪೂರ್ತಿ ಲಾಕ್ ಸೆಟ್ ಬದಲಿಸಬೇಕು, ಸುಮಾರು 24,000 ರೂಪಾಯಿ, ಮೂರು ವಾರ ಎಂದರು. ಒಂದು ಕೀ ಕೈಯಲ್ಲಿದ್ದರೆ? ಆಗ ಹೊಸ ರಿಮೋಟ್ ಕೀಗೆ ಕೋಡಿಂಗ್ (ಕೀಯ ಗುರುತನ್ನು ಕಾರಿಗೆ ಕಲಿಸುವುದು) ಸೇರಿ 11,000. ಫೋನ್ ಇಟ್ಟು ಮತ್ತೆ ತೋಟಕ್ಕೆ ಹೋದೆ. ಆ ಒಂದು ಕೀಯ ಬೆಲೆ ಎಷ್ಟು ಅಂತ ಆಗ ಅರ್ಥವಾಗಿತ್ತು.

ಮೂರನೇ ದಿನ ಸೋಗೆ, ಮಣ್ಣು ಹಾಕಿ ಬಸಿಗಾಲುವೆಗೆ ಅಡ್ಡ ಕಟ್ಟಿದೆವು. ನೀರು ಎತ್ತಿ ಚೆಲ್ಲಿ ಕೆಸರಿನಲ್ಲಿ ಕೈಯಾಡಿಸಿದೆವು. ಡ್ರಮ್ ಇಟ್ಟ ಜಾಗದಿಂದ ನಾಲ್ಕು ಮಾರು ಕೆಳಗೆ ಸಿಕ್ಕಿತು! ರಿಮೋಟ್ ಗುಂಡಿ ಒತ್ತಿದರೆ ಉಸಿರೇ ಇಲ್ಲ. ಕಾರೂ ಸ್ಟಾರ್ಟ್ ಆಗಲಾರದು ಅಂದುಕೊಂಡೇ ಕೀ ಹಾಕಿ ತಿರುಗಿಸಿದೆ. ಮೊದಲನೇ ಸಲಕ್ಕೇ ಸ್ಟಾರ್ಟ್ ಆಯಿತು.

ಯಾಕೆ ಅಂತ ತಿಳಿದುಕೊಂಡದ್ದೇ ನನ್ನ ದುಡ್ಡು ಉಳಿಸಿತು. ಇಂಥ ಕೀ ಒಳಗೆ ಮೂರು ಬೇರೆ ಬೇರೆ ಕೆಲಸಗಳಿವೆ. ಲೋಹದ ಭಾಗ ಬಾಗಿಲಿಗೆ ಮತ್ತು ಇಗ್ನಿಷನ್‌ಗೆ. ರಿಮೋಟ್ ಬಾಗಿಲಿಗೆ ಮಾತ್ರ, ಅದಕ್ಕೆ ಸೆಲ್ ಬೇಕು. ಮೂರನೆಯದು ಟ್ರಾನ್ಸ್‌ಪಾಂಡರ್ ಚಿಪ್. ಇದಕ್ಕೆ ಸೆಲ್ ಬೇಡ. ಇಗ್ನಿಷನ್ ಸುತ್ತ ಒಂದು ಕಾಯಿಲ್ ಇರುತ್ತದೆ, ಅದರಿಂದಲೇ ಚಿಪ್ಪಿಗೆ ಶಕ್ತಿ ಸಿಗುತ್ತದೆ. ಚಿಪ್ ತನ್ನ ಗುರುತು ಹೇಳುತ್ತದೆ, ಕಾರಿನ ಇಮ್ಮೊಬಿಲೈಸರ್, ಅಂದರೆ ಕಳ್ಳತನ ತಡೆಯುವ ವ್ಯವಸ್ಥೆ, ಒಪ್ಪಿದರೆ ಮಾತ್ರ ಎಂಜಿನ್ ಓಡುತ್ತದೆ. ನೀರು ಕುಡಿದು ಕೆಟ್ಟದ್ದು ರಿಮೋಟ್ ಅಷ್ಟೇ. ಚಿಪ್ಪಿಗೆ ಏನೂ ಆಗಿರಲಿಲ್ಲ.

ಕೀ ಬಿಚ್ಚಿದೆ. ಕೆಳಗೆ ಬಿಳಿ ಬಟ್ಟೆ ಹಾಸಿಕೊಂಡೇ ಬಿಚ್ಚಬೇಕು. ಚಿಪ್ ಒಂದು ಪುಟ್ಟ ಕಪ್ಪು ತುಂಡು, ಅಡಿಕೆ ಹೋಳಿನಷ್ಟೂ ಇರಲ್ಲ. ನನ್ನ ಕೀಯಲ್ಲಿ ಅದು ಪ್ಲಾಸ್ಟಿಕ್ಕಿನ ಮೂಲೆಯಲ್ಲಿ ಸುಮ್ನೆ ಕೂತಿತ್ತು. ಕಸ ಅಂತ ಎಸೆದರೆ ಕಾರು ನಿಂತಲ್ಲೇ. ಸೆಲ್ ಕೂರುವ ಜಾಗದಲ್ಲಿ ಹಸಿರು ಕಿಲುಬು ಹಿಡಿದಿತ್ತು. ಐಸೊಪ್ರೊಪೈಲ್ ಆಲ್ಕೋಹಾಲ್, ಹಳೇ ಹಲ್ಲುಜ್ಜುವ ಬ್ರಷ್ ತಗೊಂಡು ಮೆಲ್ಲಗೆ ಉಜ್ಜಿ ಒಂದು ದಿನ ಒಣಗಿಸಿದೆ. ಹೊಸ ಸಿಆರ್2032 ಸೆಲ್ ಹಾಕಿದೆ. ಆ ನಂಬರಿನಲ್ಲೇ ಅಳತೆ ಇದೆ: 20 ಮಿ.ಮೀ. ಅಗಲ, 3.2 ಮಿ.ಮೀ. ದಪ್ಪ. ಲಾಕ್ ಗುಂಡಿಗೆ ಜೀವ ಬಂತು. ಅನ್‌ಲಾಕ್ ಗುಂಡಿ ಮಾತ್ರ ಜಪ್ಪಯ್ಯ ಅನ್ನಲಿಲ್ಲ.

ಮುಂದಿನ ವಾರ ಶಿವಮೊಗ್ಗಕ್ಕೆ ಹೋದೆ. ಗಾಂಧಿ ಬಜಾರ್ ಕಡೆ ಇಬ್ಬರು ಕೀ ಮಾಡುವವರನ್ನು ವಿಚಾರಿಸಿದೆ. ಚಿಪ್ ಕೀ ನಮ್ಮ ಕೆಲಸ ಅಲ್ಲ ಅಂತ ನೇರವಾಗಿ ಹೇಳಿ ಬಿ.ಎಚ್. ರಸ್ತೆಯ ಒಬ್ಬರ ಹತ್ತಿರ ಕಳಿಸಿದರು. ಅವರು ಮೊದಲು ಕೇಳಿದ್ದು ಆರ್‌ಸಿ ಮತ್ತು ಆಧಾರ್. ನನಗೆ ನಂಬಿಕೆ ಬಂದಿದ್ದೇ ಅಲ್ಲಿ. ದಾಖಲೆ ಕೇಳದೆ ಕೀ ಮಾಡಿಕೊಡುವವರು ನಾಳೆ ನನ್ನ ಕಾರಿನ ಕೀಯನ್ನೂ ಇನ್ನೊಬ್ಬರಿಗೆ ಮಾಡಿಕೊಡಬಹುದು ಅಲ್ವಾ?

ನನ್ನದು ಅಂಚಿನಲ್ಲಿ ಹಲ್ಲು ಇರುವ ಹಳೇ ತರದ ಕೀ, ಐದು ನಿಮಿಷದಲ್ಲಿ ಕತ್ತರಿಸಿದರು. ಹೊಸ ಕಾರುಗಳಲ್ಲಿ ಕೀ ನಡುವೆ ಹಾವು ಹರಿದ ಹಾಗೆ ಗೆರೆ ಇರುತ್ತದೆ, ಅದಕ್ಕೆ ಬೇರೆ ಮೆಷಿನ್ ಬೇಕು. ಚಿಪ್ ಹಾಕುವ ಮೊದಲೇ ಒಮ್ಮೆ ತಿರುಗಿಸಿ ನೋಡಿ ಎಂದರು. ಎಂಜಿನ್ ಒಂದು ಕ್ಷಣ ಗುರ್ ಅಂದು ನಿಂತೇ ಹೋಯಿತು. ಮೀಟರ್ ಬೋರ್ಡಿನಲ್ಲಿ ಕೀ ಚಿತ್ರದ ದೀಪ ಮಿಟುಕುತ್ತಿತ್ತು.

ಆಮೇಲೆ ಬ್ಯಾಟರಿಯ ವೋಲ್ಟೇಜ್ ಅಳೆದರು. ಕೋಡಿಂಗ್ ಮಧ್ಯೆ ವೋಲ್ಟೇಜ್ ಬಿದ್ದರೆ ಕೆಲಸ ಅರ್ಧಕ್ಕೆ ಕೆಡಬಹುದಂತೆ. ಸ್ಟೀರಿಂಗ್ ಕೆಳಗೆ ಕಾರಿನ ಕಂಪ್ಯೂಟರಿಗೆ ಸಂಪರ್ಕ ಕೊಡುವ 16 ಪಿನ್‌ಗಳ ಒಬಿಡಿ ಪೋರ್ಟ್ ಇದೆ, ಅದಕ್ಕೆ ತಮ್ಮ ಯಂತ್ರ ಚುಚ್ಚಿದರು. ಆಗ ಸ್ಕ್ರೀನ್ ಮೇಲೆ ಬಂದದ್ದು ನೋಡಿ ನಾನು ಸುಮ್ಮನಾಗಿಬಿಟ್ಟೆ. ನೋಂದಾಯಿತ ಕೀಗಳು: 3. ನನ್ನ ಹತ್ತಿರ ಇದ್ದದ್ದು ಒಂದು. ಉಳಿದ ಎರಡು ಯಾರ ಮನೆಯ ಗೂಡಿನಲ್ಲಿವೆಯೋ!

ಎಲ್ಲವನ್ನೂ ಅಳಿಸಿ ಎಂದೆ. ಹಾಗೆ ಅಳಿಸುವಾಗ ನಾವು ಇಟ್ಟುಕೊಳ್ಳಬೇಕಾದ ಕೀಗಳೆಲ್ಲ ಕೈಯಲ್ಲಿರಬೇಕು, ಯಾಕೆಂದರೆ ಪ್ರತಿಯೊಂದನ್ನೂ ಮತ್ತೆ ಕಲಿಸಬೇಕಾಗುತ್ತದೆ. ಹಳೇದು, ಹೊಸದು ಎರಡನ್ನೂ ಒಂದೊಂದಾಗಿ ಹಾಕಿ ಕೋಡ್ ಮಾಡಿದರು. ಈಗ ಸ್ಕ್ರೀನಿನಲ್ಲಿ 2. ಹಳೇ ಮಾಲೀಕರ ಕೀಗಳು ಬಾಗಿಲು ಈಗಲೂ ತೆಗೆಯುತ್ತವೆ, ಅದು ಲೋಹದ ಹಲ್ಲಿನ ಕೆಲಸ. ಆದರೆ ಎಂಜಿನ್ ಓಡಿಸಲಾರವು. ಸೆಕೆಂಡ್ ಹ್ಯಾಂಡ್ ಕಾರು ತಗೊಂಡ ಪ್ರತಿಯೊಬ್ಬರೂ ಈ ಲೆಕ್ಕ ಒಮ್ಮೆ ನೋಡಿಸಲೇಬೇಕು ಅಂತ ನಾನು ಒತ್ತಿ ಹೇಳುತ್ತೇನೆ.

ಖರ್ಚು ಇಷ್ಟು: ಹೊಸ ಚಿಪ್ ಕೀ, ಕತ್ತರಿಸಿದ್ದು, ಕೋಡಿಂಗ್ ಸೇರಿ 2,600. ಹಳೇ ರಿಮೋಟಿನ ಅನ್‌ಲಾಕ್ ಗುಂಡಿಯ ಪುಟ್ಟ ಸ್ವಿಚ್ ಬದಲಿಸಿ ಬೆಸುಗೆ ಹಾಕಿದ್ದಕ್ಕೆ 150. ಹೊಸ ಕೀಗೆ ರಿಮೋಟ್ ಬೇಡ ಎಂದೆ. ಒಂದರಲ್ಲಿದ್ದರೆ ಸಾಕು, ರಿಮೋಟ್ ಸೇರಿದರೆ ದರ ಜಾಸ್ತಿ.

ಶಿವಮೊಗ್ಗಕ್ಕೆ ಹೋಗುವ ಮೊದಲು ಆನ್‌ಲೈನಿನಲ್ಲಿ 400 ರೂಪಾಯಿಯ ರಿಮೋಟ್ ಕೀ ಒಂದನ್ನು ಆರ್ಡರ್ ಮಾಡುವವನಿದ್ದೆ. ಚಿತ್ರ ಥೇಟ್ ನನ್ನದರಂತೆಯೇ ಇತ್ತು. ಸಣ್ಣಕ್ಷರ ಓದಿದರೆ ಅದು ಬರೀ ಶೆಲ್, ಒಳಗೆ ಬೋರ್ಡೂ ಇಲ್ಲ, ಚಿಪ್ಪೂ ಇಲ್ಲ. ಬೇರೆ ಕಾರಿನಿಂದ ತೆಗೆದ ಕೀಯನ್ನೂ ತರಬೇಡಿ. ಎಷ್ಟೋ ಚಿಪ್‌ಗಳು ಒಂದು ಕಾರಿಗೆ ಕೂತ ಮೇಲೆ ಇನ್ನೊಂದಕ್ಕೆ ಒಗ್ಗಲ್ಲ.

ಗುಂಡಿ ಒತ್ತಿ ಸ್ಟಾರ್ಟ್ ಮಾಡುವ ಕಾರುಗಳ ಲೆಕ್ಕ ಬೇರೆ, ಖರ್ಚೂ ಹೆಚ್ಚು. ಅಂಥವರು ಮೊದಲು ಇನ್ಶೂರೆನ್ಸ್ ಪಾಲಿಸಿ ತೆಗೆದು ಕೀ ಬದಲಾವಣೆಯ ಹೆಚ್ಚುವರಿ ರಕ್ಷಣೆ ಇದೆಯಾ ನೋಡಲಿ. ಕೀ ಕಳೆದಿದ್ದರೆ ಪೊಲೀಸ್ ದೂರಿನ ಪ್ರತಿ ಕೇಳಬಹುದು.

ಚಿಪ್ ಇಲ್ಲದ ಇನ್ನೊಂದು ಲೋಹದ ಕೀಯನ್ನೂ 100 ರೂಪಾಯಿಗೆ ಮಾಡಿಸಿಕೊಂಡು ಬಂದೆ. ಅದು ಎಂಜಿನ್ ಓಡಿಸಲ್ಲ, ಆದ್ದರಿಂದ ಧೈರ್ಯವಾಗಿ ಪಕ್ಕದ ಮನೆಯಲ್ಲಿ ಇಟ್ಟಿದ್ದೇನೆ. ಕಳೆದ ತಿಂಗಳು ಕೀ ಒಳಗೇ ಉಳಿದು ಬಾಗಿಲು ಲಾಕ್ ಆದಾಗ ಅವರ ಮಗ ಓಡಿ ಬಂದು ತೆಗೆದುಕೊಟ್ಟ. ಗಾಜು ಒಡೆಯುವುದು ತಪ್ಪಿತು.