ಶೇಷ ಉಳಿದ ಎರಡು ಚಿಕ್ಕಿ: ಪಾಠದೊಳಗೇ ಸಾಮಾಜಿಕ ಕೌಶಲ ಕಲಿಸಿದ ನನ್ನ ಅನುಭವ

ಮುಂಬಯಿಯ ಉಪನಗರವೊಂದರ ಕನ್ನಡ ಮಾಧ್ಯಮ ಶಾಲೆಯಲ್ಲಿ ಮೂರನೆಯ ಮತ್ತು ನಾಲ್ಕನೆಯ ಇಯತ್ತೆಯ ಮಕ್ಕಳಿಗೆ ನಾನು ಹಲವು ವರ್ಷಗಳಿಂದ ಕಲಿಸುತ್ತಿದ್ದೇನೆ. ಮನೆಯಲ್ಲಿ ತುಳು ಆಡುವ ಹೋಟೆಲ್ ಕಾರ್ಮಿಕರ ಮಗ, ಕಟ್ಟಡ ಕೆಲಸಕ್ಕೆಂದು ವಿಜಯಪುರದ ಕಡೆಯಿಂದ ಬಂದವರ ಮಗಳು, ಲಂಬಾಣಿ ಮನೆಮಾತಿನ ಹುಡುಗ, ಈ ಮೂವರೂ ನನ್ನ ತರಗತಿಯಲ್ಲಿ ಒಂದೇ ಬೆಂಚಿನ ಮೇಲೆ ಕೂರುತ್ತಾರೆ. ಅಂಗಳಕ್ಕಿಳಿದ ಕೂಡಲೇ ಹಿಂದಿಗೋ ಮರಾಠಿಗೋ ಹೊರಳುತ್ತಾರೆ. ಇಂಥ ಮಕ್ಕಳು ಕೂಡಿ ಕೆಲಸ ಮಾಡುವುದನ್ನು ತಾವಾಗಿಯೇ ಕಲಿತುಬಿಡುತ್ತಾರೆಂದು ಕೈಕಟ್ಟಿ ಕೂರಲು ನನ್ನ ಮನಸ್ಸು ಒಪ್ಪಲಿಲ್ಲ.

ನಮ್ಮ ಶಾಲೆಗಳಲ್ಲಿ ಬೆಳಗಿನ ಪರಿಪಾಠದಲ್ಲಿ, ಅಂದರೆ ಪ್ರಾರ್ಥನೆಯ ಹೊತ್ತಿನಲ್ಲಿ, ಸುವಿಚಾರ ಓದಿಸುವ ಒಳ್ಳೆಯ ಪದ್ಧತಿಯಿದೆ. ಆದರೆ ಎಂಟು ವರ್ಷದ ಮಗುವಿಗೆ ‘ಸಹಕರಿಸು’ ಎಂದರೆ ಕೈಯಿಂದ ಏನು ಮಾಡಬೇಕೆಂಬುದು ತಿಳಿಯುವುದಿಲ್ಲ. ‘ಗೆಳತಿ ಟೇಪಿನ ತುದಿ ಹಿಡಿದಿರುವಾಗ ಎಳೆಯಬೇಡ’ ಎಂದರೆ ತಿಳಿಯುತ್ತದೆ. ಆದ್ದರಿಂದ ಸಾಮಾಜಿಕ ಕೌಶಲವೆಂದು ನಾನು ಎಣಿಸುವುದು ಕಣ್ಣಿಗೆ ಕಾಣುವ ಸಣ್ಣ ಕ್ರಿಯೆಗಳನ್ನು: ಇನ್ನೊಬ್ಬರ ಮಾತು ಮುಗಿಯುವವರೆಗೆ ಕಾಯುವುದು, ತಿಳಿಯದಿದ್ದರೆ ಕೇಳುವುದು, ಒಪ್ಪದಿದ್ದರೆ ಕಾರಣ ಕೊಟ್ಟು ಹೇಳುವುದು, ಸಾಮಾನನ್ನು ಸರದಿಯಂತೆ ಬಳಸುವುದು. ಇವುಗಳಲ್ಲಿ ಯಾವುದಿಲ್ಲದೆ ಒಂದು ಪಾಠ ಮುಂದೆ ಸಾಗುವುದೇ ಇಲ್ಲವೋ ಅದನ್ನು ಆ ಪಾಠದಲ್ಲೇ ಕಲಿಸಬೇಕೆಂಬುದು ನಾನು ಕಂಡುಕೊಂಡ ದಾರಿ.

ಉದ್ದ ಅಳೆಯುವ ಪಾಠವನ್ನು ನಾನು ಜೋಡಿಯಾಗಿಯೇ ಮಾಡಿಸುತ್ತೇನೆ. ಒಬ್ಬರು ಸೊನ್ನೆಯ ತುದಿ ಹಿಡಿಯುತ್ತಾರೆ, ಇನ್ನೊಬ್ಬರು ಅಂಕಿ ಓದುತ್ತಾರೆ, ಮುಂದಿನ ಅಳತೆಗೆ ಕೆಲಸ ಅದಲುಬದಲಾಗುತ್ತದೆ. ಸೊನ್ನೆ ಹಿಡಿದವರು ಎರಡು ಸೆಂಟಿಮೀಟರ್ ಜಾರಿದರೆ ಇಬ್ಬರ ಉತ್ತರವೂ ತಪ್ಪುವುದರಿಂದ, ‘ಹಿಡಿದಿದ್ದೀಯಾ?’ ‘ಹಿಡಿದಿದ್ದೇನೆ, ಓದು’ ಎಂಬ ಮಾತು ಅಲ್ಲಿ ಅಳತೆಯ ಭಾಗವೇ ಆಗುತ್ತದೆ.

ಭಾಗಾಕಾರದ ಪಾಠದಲ್ಲಿ ಇನ್ನೂ ಹೆಚ್ಚಿನದು ಸಿಗುತ್ತದೆ. ಐವರ ಗುಂಪಿಗೆ 17 ಚಿಕ್ಕಿ ಕೊಟ್ಟು ಸಮನಾಗಿ ಹಂಚಿಕೊಳ್ಳಲು ಹೇಳುತ್ತೇನೆ. ಒಬ್ಬೊಬ್ಬರಿಗೆ ಮೂರರಂತೆ 15 ಹೋಗಿ ಎರಡು ಉಳಿಯುತ್ತವೆ. ಭಾಜ್ಯ, ಭಾಜಕ, ಭಾಗಲಬ್ಧ, ಶೇಷ ಎಂದು ನಾನು ಹಲಗೆಯ ಮೇಲೆ ಬರೆಯುವ ಹೊತ್ತಿಗೆ ಮಕ್ಕಳ ಕಣ್ಣು ಆ ಎರಡು ಚಿಕ್ಕಿಗಳ ಮೇಲೆಯೇ ಇರುತ್ತದೆ. ಪುಸ್ತಕದ ಲೆಕ್ಕ ಅಲ್ಲಿಗೆ ಮುಗಿಯುತ್ತದೆ, ನನ್ನ ಪಾಠ ಮುಗಿಯುವುದಿಲ್ಲ: ಶೇಷವನ್ನು ಏನು ಮಾಡಬೇಕೆಂದು ಗುಂಪೇ ತೀರ್ಮಾನಿಸಬೇಕು, ಐವರೂ ಒಪ್ಪಿರಬೇಕು, ಕಾರಣವನ್ನು ಒಂದು ವಾಕ್ಯದಲ್ಲಿ ಬರೆಯಬೇಕು. ಒಂದು ಗುಂಪು ಒಂದೊಂದು ಚಿಕ್ಕಿಯನ್ನೂ ಐದು ತುಂಡು ಮಾಡಿ ತಲಾ ಎರಡು ತುಂಡು ಹಂಚಿಕೊಂಡಿತು. ಅಪೂರ್ಣಾಂಕದ (ಭಿನ್ನರಾಶಿಯ) ಪಾಠ ಬರುವ ಮೊದಲೇ ಐದರಲ್ಲಿ ಎರಡು ಭಾಗ ಎಂಬುದು ಅವರ ಕೈಗೆ ಬಂದಿತ್ತು. ಇನ್ನೊಂದು ಗುಂಪು ಶಾಲೆಯ ಮಾವಶಿಗೆ (ಸಹಾಯಕಿಗೆ) ಕೊಡೋಣವೆಂದಿತು. ಮತ್ತೊಂದು ಗುಂಪಿನ ಮಕ್ಕಳು, ಆ ದಿನ ಡಬ್ಬಿ ತಾರದ ಹುಡುಗಿಗೆ ಕೊಡಬೇಕೆಂದು ಬಹಳ ಪ್ರೀತಿಯಿಂದಲೇ ಹೇಳಿದರು. ಆ ಹುಡುಗಿ ತಲೆ ತಗ್ಗಿಸಿ, “ನನಗ ಬ್ಯಾಡ, ಎಲ್ಲಾರಿಗೂ ಬರೂಹಂಗ ಹಂಚ್ರಿ” ಎಂದಳು. ಕೊಡುವವರ ಒಳ್ಳೆಯ ಮನಸ್ಸು ಪಡೆಯುವವರಿಗೆ ನೋವಾಗಬಹುದೆಂಬ ಈ ಸೂಕ್ಷ್ಮವನ್ನು ಯಾವ ನೀತಿಕಥೆಯಿಂದಲೂ ನಾನು ಇಷ್ಟು ಸ್ಪಷ್ಟವಾಗಿ ಕಲಿಸಲಾರೆ. ಅಂದಿನಿಂದ ಗುಂಪಿನ ಕೆಲಸಕ್ಕೆ ಒಂದು ನಿಯಮ ಸೇರಿತು: ಯಾರ ಬಗ್ಗೆ ತೀರ್ಮಾನವೋ ಅವರನ್ನು ಮೊದಲು ಕೇಳಬೇಕು.

ಭಿನ್ನಾಭಿಪ್ರಾಯಕ್ಕೂ ಗಣಿತವೇ ಒಳ್ಳೆಯ ಜಾಗ, ಏಕೆಂದರೆ ಅಲ್ಲಿ ಯಾರು ಜೋರಾಗಿ ಮಾತನಾಡಿದರೂ ಉತ್ತರ ಬದಲಾಗುವುದಿಲ್ಲ. 403ರಿಂದ 178 ಕಳೆದಾಗ ಒಬ್ಬನಿಗೆ 225 ಬರುತ್ತದೆ, ಬಿಡಿ, ಹತ್ತು, ನೂರು ಎಂಬ ಪ್ರತಿ ಮನೆಯಲ್ಲೂ ದೊಡ್ಡ ಅಂಕಿಯಿಂದ ಚಿಕ್ಕದನ್ನು ಕಳೆದ ಇನ್ನೊಬ್ಬನಿಗೆ 375 ಬರುತ್ತದೆ. ‘ನಿಂದು ತಪ್ಪು’ ಎಂಬುದರ ಬದಲು ‘ನನಗೆ ಬೇರೆ ಉತ್ತರ ಬಂದಿದೆ, ನೀನು ಹೇಗೆ ಮಾಡಿದೆ ತೋರಿಸು’ ಎಂಬ ವಾಕ್ಯವನ್ನು ನಾನು ಬಾಯಿಪಾಠವಾಗುವಷ್ಟು ಸಲ ಆಡಿಸುತ್ತೇನೆ. ತೋರಿಸುತ್ತಾ ಹೋದಂತೆ ಎರಡನೆಯ ಹುಡುಗ ಹತ್ತರ ಮನೆಗೆ ಬಂದು ತಾನಾಗಿಯೇ ನಿಲ್ಲುತ್ತಾನೆ, ಇಬ್ಬರೂ ಕೂಡಿ 225ಕ್ಕೆ 178 ಸೇರಿಸಿ ತಾಳೆ ನೋಡುತ್ತಾರೆ. ಈ ನಡುವೆ ಶಿಕ್ಷಕರು ಬಾಯಿ ಹಾಕದಿರುವುದು ಮುಖ್ಯ. ಪ್ರಶ್ನೆ ಕೇಳಿದ ಮೇಲೆ ಶಿಕ್ಷಕರು ಸಾಮಾನ್ಯವಾಗಿ ಒಂದು ಸೆಕೆಂಡಿನಷ್ಟೇ ಕಾಯುತ್ತಾರೆಂದೂ, ಮೂರು ಸೆಕೆಂಡು ಕಾದರೆ ಮಕ್ಕಳ ಉತ್ತರ ದೀರ್ಘವಾಗುತ್ತದೆಂದೂ ಅಮೆರಿಕದ ಶಿಕ್ಷಣತಜ್ಞೆ ಮೇರಿ ಬಡ್ ರೋ 1970ರ ದಶಕದಲ್ಲಿ ತೋರಿಸಿದ್ದರು. ಮನಸ್ಸಿನಲ್ಲಿ ತುಳುವಿನಿಂದಲೋ ಲಂಬಾಣಿಯಿಂದಲೋ ಕನ್ನಡಕ್ಕೆ ಬರಬೇಕಾದ ಮಗುವಿಗೆ ಆ ಮೂರು ಸೆಕೆಂಡು ಬಹು ದೊಡ್ಡ ಉಪಕಾರ.

ಪರಿಸರ ಅಭ್ಯಾಸಕ್ಕೆ ನಾನು ಬಳಸುವುದು ಜಿಗ್ಸಾ ಪದ್ಧತಿಯನ್ನು. ಬೇರೆ ಬೇರೆ ಜನಾಂಗದ ಮಕ್ಕಳು ಹೊಸದಾಗಿ ಒಂದೇ ತರಗತಿಗೆ ಬಂದು ವೈಮನಸ್ಸು ಬೆಳೆದಿದ್ದ ಅಮೆರಿಕದ ಆಸ್ಟಿನ್ ನಗರದಲ್ಲಿ, ಮನೋವಿಜ್ಞಾನಿ ಎಲಿಯಟ್ ಆರನ್‌ಸನ್ 1971ರಲ್ಲಿ ಇದನ್ನು ರೂಪಿಸಿದರು. ಮುಂಬಯಿಗೆ ನೀರು ಎಲ್ಲಿಂದ ಬರುತ್ತದೆ ಎಂಬ ವಿಷಯವನ್ನು ನಾಲ್ಕು ಹಾಳೆಗಳಾಗಿ ಮಾಡುತ್ತೇನೆ: ನಗರದೊಳಗಿನ ತುಳಸಿ ಮತ್ತು ವಿಹಾರ್ ಕೆರೆಗಳು, ದೂರದ ತಾನಸಾ, ಮೋಡಕ್ ಸಾಗರ್, ಭಾತ್ಸಾ ಮತ್ತು ವೈತರಣೆಯ ಎರಡು ಜಲಾಶಯಗಳು, ಭಾಂಡುಪ್‌ನ ಶುದ್ಧೀಕರಣ ಕೇಂದ್ರ, ನಮ್ಮ ಓಣಿಯ ನಲ್ಲಿ. ನಾಲ್ವರ ಗುಂಪಿನಲ್ಲಿ ಒಬ್ಬೊಬ್ಬರಿಗೆ ಒಂದು ಹಾಳೆ. ಅದೇ ಹಾಳೆ ಸಿಕ್ಕಿದ ಬೇರೆ ಗುಂಪಿನ ಮಕ್ಕಳೊಡನೆ ಕೂತು ಓದಿಕೊಂಡು, ತಮ್ಮ ಗುಂಪಿಗೆ ಮರಳಿ ಹೇಳಬೇಕು. ನಾಲ್ವರ ಮಾತೂ ಸೇರದೆ ನಕಾಶೆ ತುಂಬುವುದಿಲ್ಲ. ಓದುವುದರಲ್ಲಿ ಹಿಂದಿರುವ ಮಗುವಿಗೆ ನಲ್ಲಿಯ ಹಾಳೆ ಕೊಡುವುದು ನನ್ನ ರೂಢಿ. ನಸುಕಿನಲ್ಲಿ ನೀರು ತುಂಬಿಸಲು ನಿಲ್ಲುವ ಮಗುವಿಗೆ ಹೇಳಲು ಬಹಳ ಇರುತ್ತದೆ, ಉಳಿದವರು ನಿಜವಾದ ಕುತೂಹಲದಿಂದ ಕೇಳುತ್ತಾರೆ.

ಕನ್ನಡದ ಸಂಭಾಷಣೆ ಬರೆಯುವ ಅಭ್ಯಾಸಕ್ಕೆ ಲೋಕಲ್ ರೈಲು ಸಾಕು. ಮೂವರ ಬೆಂಚಿನಲ್ಲಿ ನಾಲ್ಕನೆಯವರಾಗಿ ಜಾಗ ಕೇಳುವ ಮಾತನ್ನು ಅಜ್ಜಿಗೆ, ಓರಗೆಯವರಿಗೆ, ‘ಜಾಗವಿಲ್ಲ’ ಎಂದವರಿಗೆ ಬೇರೆ ಬೇರೆಯಾಗಿ ಬರೆದು, ಆಡಿ ತೋರಿಸುತ್ತಾರೆ. ಹಿರಿಯರೊಡನೆ ಬಳಸುವ ಗೌರವದ ಬಹುವಚನದ ಕ್ರಿಯಾಪದಗಳೂ ಅಲ್ಲಿಯೇ ಗಟ್ಟಿಯಾಗುತ್ತವೆ.

ಜಗಳವಾದಾಗ ನಾನು ಬಲವಂತದ ಕ್ಷಮೆ ಹೇಳಿಸುವುದಿಲ್ಲ. ಏನಾಯಿತು, ಯಾರಿಗೆ ಏನು ನಷ್ಟವಾಯಿತು, ಈಗ ಏನು ಮಾಡಿದರೆ ಸರಿಹೋಗುತ್ತದೆ ಎಂದು ಇಬ್ಬರನ್ನೂ ಕೇಳುತ್ತೇನೆ. ಹರಿದ ವಹಿಯ ಹಾಳೆಯನ್ನು ಕೂಡಿ ಅಂಟಿಸುವುದು ಬರಿಯ ‘ಸಾರಿ’ಗಿಂತ ಮೇಲು. ಹಾಗೆಯೇ, ಸುಮ್ಮನಿರುವ ಮಗುವಿಗೆ ಸಾಮಾಜಿಕ ಕೌಶಲ ಕಡಿಮೆಯೆಂದು ತೀರ್ಮಾನಿಸುವುದು ಅನ್ಯಾಯ. ಕಣ್ಣಲ್ಲಿ ಕಣ್ಣಿಟ್ಟು ಮಾತನಾಡಬೇಕೆಂದು ನಾನು ಯಾರನ್ನೂ ಒತ್ತಾಯಿಸುವುದಿಲ್ಲ. ಆಟಿಸಂ ಇರುವ ಅನೇಕ ಮಕ್ಕಳಿಗೆ ಅದು ಹಿಂಸೆ. ಚಿತ್ರ ಬಿಡಿಸಿಯೋ ಲೆಕ್ಕ ಬರೆದೋ ಗುಂಪಿಗೆ ನೆರವಾದರೂ ಅದು ಪಾಲ್ಗೊಳ್ಳುವಿಕೆಯೇ.

ಪಾಲಕರ ಸಭೆಯಲ್ಲಿ ಒಬ್ಬ ತಾಯಿ, “ಅಕ್ಕೋರ, ಇದನ್ನೆಲ್ಲಾ ನಾವು ಮನಿಯಾಗ ಕಲಸ್ತೀವ್ರಿ, ನೀವು ಲೆಕ್ಕ ಕಲಸ್ರಿ” ಎಂದರು. ದಿನಗೂಲಿ ಬಿಟ್ಟು ಸಭೆಗೆ ಬಂದವರ ಆ ಕಾಳಜಿ ನ್ಯಾಯವಾದದ್ದು. “ಲೆಕ್ಕದಾಗಽ ಕಲಸಾಕತ್ತೀನವ್ವಾ, ನೋಡು” ಎಂದು ಮಗಳ ವಹಿ ತೆರೆದು ತೋರಿಸಿದೆ; ಕಾರಣ ಬರೆದ ವಾಕ್ಯಗಳನ್ನು ಮಗಳೇ ಅಮ್ಮನಿಗೆ ಓದಿ ಹೇಳಿದಳು. ಸಮಯ ವ್ಯರ್ಥವಾಗುತ್ತದೆಂಬ ಸಹೋದ್ಯೋಗಿಗಳಿಗೆ ಬೇರೆ ಉತ್ತರ ಕೊಡುತ್ತೇನೆ. ಅಮೆರಿಕದ ಮನೋವಿಜ್ಞಾನಿ ಜೋಸೆಫ್ ಡರ್ಲಾಕ್ ಮತ್ತು ಸಂಗಡಿಗರು 2011ರಲ್ಲಿ, 2,70,034 ವಿದ್ಯಾರ್ಥಿಗಳನ್ನೊಳಗೊಂಡ 213 ಶಾಲಾ ಕಾರ್ಯಕ್ರಮಗಳನ್ನು ಒಟ್ಟಿಗೆ ಪರಿಶೀಲಿಸಿದಾಗ, ಸಾಮಾಜಿಕ ಮತ್ತು ಭಾವನಾತ್ಮಕ ಕಲಿಕೆ ಪಡೆದ ಮಕ್ಕಳ ವಿದ್ಯಾಭ್ಯಾಸದ ಸಾಧನೆ ಸರಾಸರಿ 11 ಪರ್ಸೆಂಟೈಲ್ ಅಂಶಗಳಷ್ಟು ಮುಂದಿತ್ತು, ಅಂದರೆ ನೂರು ಮಕ್ಕಳ ಸಾಲಿನಲ್ಲಿ ನಡುವೆ ಇದ್ದ ಮಗು ಸುಮಾರು ಹನ್ನೊಂದು ಸ್ಥಾನ ಮೇಲೇರಿದಂತೆ.

ಮೌಲ್ಯಮಾಪನದ ವರ್ಣನಾತ್ಮಕ ನೋಂದಿಯಲ್ಲಿ ‘ಒಳ್ಳೆಯ ಸ್ವಭಾವ’, ‘ಹೊಂದಿಕೊಳ್ಳುತ್ತಾಳೆ’ ಎಂದು ಬರೆಯುವುದನ್ನು ಬಿಟ್ಟು, ‘ಅಳತೆಯ ಕೆಲಸದಲ್ಲಿ ಜೊತೆಗಾರನಿಗೆ ಎರಡು ಸಲ ಕಾದಳು, ಮೂರನೆಯ ಸಲ ತನ್ನ ಸರದಿ ಕೇಳಿ ಪಡೆದಳು’ ಎಂದು ಕಂಡದ್ದನ್ನು ಬರೆಯುತ್ತೇನೆ. ದಿನಕ್ಕೆ ನಾಲ್ಕೈದು ಮಕ್ಕಳನ್ನಷ್ಟೇ ಗಮನಿಸಿದರೆ ಇದು ಹೊರೆಯಾಗುವುದಿಲ್ಲ. ಪ್ರಾಥಮಿಕ ಹಂತದಲ್ಲಿ ಒಬ್ಬ ಶಿಕ್ಷಕರಿಗೆ ಶಿಕ್ಷಣ ಹಕ್ಕು ಕಾಯ್ದೆ ಹೇಳುವ 30 ಮಕ್ಕಳಿಗಿಂತ ಹೆಚ್ಚು ಮಕ್ಕಳಿರುವ ತರಗತಿಯಲ್ಲಿ ಇದನ್ನು ಆರಂಭಿಸುವವರು ಗುಂಪುಗಳಿಗೆ ಕೈಹಾಕದೆ, ಬೆಂಚು ಸರಿಸದೆಯೇ ಆಗುವ ಜೋಡಿ ಕೆಲಸದಿಂದ ತೊಡಗಲಿ. ಮೊದಲ ತಿಂಗಳು ಟೇಪು ಹಿಡಿಯುವುದು, ಕಾಯುವುದು, ‘ತೋರಿಸು’ ಎಂದು ಕೇಳುವುದು ಇಷ್ಟೇ ಸಾಕು.